ಹೊಗೆಗೆ ನಂಬರ್ ಇದೆ, ರುಚಿಗಿಲ್ಲ

ಪೀಟೆಡ್ ಸಿಂಗಲ್ ಮಾಲ್ಟ್ ಬಾಟಲಿ ಮೇಜಿನ ಮೇಲೆ ಬಂದ ಕೂಡಲೇ ಒಬ್ಬರು ‘ಪಿಪಿಎಂ ಎಷ್ಟು?’ ಅಂತ ಕೇಳ್ತಾರೆ. ಇನ್ನೊಬ್ಬರು ‘ಎಷ್ಟು ವರ್ಷದ್ದು?’ ಅಂತಾರೆ. ಮೂರನೆಯವರು ರೇಟು ಕೇಳ್ತಾರೆ. ಈ ಮೂರು ಅಂಕಿ ಸಿಕ್ಕರೆ ಸಾಕು, ಗುಟುಕು ಬಾಯಿಗೆ ಹೋಗುವ ಮೊದಲೇ ತೀರ್ಪು ಆಗಿಹೋಗಿರುತ್ತೆ. ನನ್ನ ವಾದ ಸರಳ: ಮೂರೂ ನಿಜವಾದ ಅಂಕಿಗಳೇ, ಆದರೆ ಒಂದೂ ರುಚಿಯನ್ನು ಅಳೆಯೋದಿಲ್ಲ. ಅಳೆಯಬೇಕಾದ್ದು ನಮ್ಮ ಮೂಗು, ನಾಲಿಗೆ ಮತ್ತು ನೆನಪು.

ಮೊದಲು ಈ ಹೊಗೆ ಎಲ್ಲಿಂದ ಬರುತ್ತೆ ಅಂತ ನೋಡೋಣ. ಸ್ಕಾಟ್ಲೆಂಡಿನ ಪಶ್ಚಿಮ ಕರಾವಳಿಯಾಚೆಯ ಐಲಾ ದ್ವೀಪದಲ್ಲಿ ಮರ ಕಡಿಮೆ, ಜೌಗು ನೆಲ ಜಾಸ್ತಿ. ನೀರು ನಿಂತ ಆ ನೆಲದಲ್ಲಿ ಪಾಚಿ, ಹುಲ್ಲು ಪೂರ್ತಿ ಕೊಳೆಯದೆ ಸಾವಿರಾರು ವರ್ಷ ಪದರ ಪದರವಾಗಿ ಕೂತು ಪೀಟ್ ಆಗುತ್ತೆ. ಅದು ಬೆಳೆಯೋದು ವರ್ಷಕ್ಕೆ ಸುಮಾರು 1 ಮಿಲಿಮೀಟರ್. ಇಟ್ಟಿಗೆಯ ಹಾಗೆ ಕತ್ತರಿಸಿ ಒಣಗಿಸಿದರೆ ಅದೇ ಸೌದೆ. ವಿಸ್ಕಿಗಾಗಿ ಬಾರ್ಲಿಯನ್ನು ನೆನೆಸಿ ಮೊಳಕೆ ಬರಿಸ್ತಾರೆ, ನಾವು ರಾಗಿ ಮಾಲ್ಟ್‌ಗೆ ಮಾಡುವ ಹಾಗೇ. ಆ ಮೊಳಕೆಕಾಳನ್ನು ಒಣಗಿಸುವಾಗ ಪೀಟ್ ಬೆಂಕಿಯ ಹೊಗೆ ಹಾಯಿಸಿದರೆ ಫೀನಾಲ್ ಎಂಬ ಗುಂಪಿನ ರಾಸಾಯನಿಕಗಳು ಕಾಳಿಗೆ ಅಂಟಿಕೊಳ್ಳುತ್ತವೆ.

ಪಿಪಿಎಂ ಅಂದರೆ ಹತ್ತು ಲಕ್ಷ ಭಾಗದಲ್ಲಿ ಈ ಫೀನಾಲ್ ಎಷ್ಟು ಭಾಗ ಎಂಬ ಲೆಕ್ಕ. ಆರ್ಡ್‌ಬೆಗ್‌ನದು ಸುಮಾರು 55. ಆಕ್ಟೋಮೋರ್ 8.3 ಎಂಬ ಆವೃತ್ತಿಯದು 309. ಆದರೆ ಈ ಲೆಕ್ಕ ಸಾಮಾನ್ಯವಾಗಿ ಒಣಗಿದ ಕಾಳಿನದು, ಬಾಟಲಿಯದಲ್ಲ. ಅರೆಯುವಾಗ, ಹುಳಿಯಿಸುವಾಗ, ಬಟ್ಟಿ ಇಳಿಸುವಾಗ ದೊಡ್ಡ ಪಾಲು ಕಳೆದುಹೋಗುತ್ತೆ. ಲಗವೂಲಿನ್ ಮತ್ತು ಕಾಲ್ ಈಲಾ ಎರಡೂ ಪೋರ್ಟ್ ಎಲೆನ್‌ನ ಒಂದೇ ಘಟಕದಿಂದ ಸುಮಾರು 35 ಪಿಪಿಎಂನ ಮಾಲ್ಟ್ ತರಿಸಿಕೊಂಡಿವೆ. ಆದರೂ ಲಗವೂಲಿನ್ ದಟ್ಟ, ಭಾರ. ಕಾಲ್ ಈಲಾ ತೆಳು, ಸ್ವಚ್ಛ. ಹಂಡೆಯ ಆಕಾರ, ಬಟ್ಟಿ ಇಳಿಸುವ ವೇಗ, ಯಾವ ಹಂತದಲ್ಲಿ ಮದ್ಯ ಹಿಡಿಯೋದನ್ನು ನಿಲ್ಲಿಸ್ತಾರೆ ಎಂಬುದು ಕೂಡ ಹೊಗೆಯ ಸ್ವಭಾವವನ್ನು ನಿರ್ಧರಿಸುತ್ತೆ.

ಇನ್ನು ವಯಸ್ಸು. ಸ್ಕಾಚ್ ಕನಿಷ್ಠ 3 ವರ್ಷ ಓಕ್ ಪೀಪಾಯಿಯಲ್ಲಿ ಇರಬೇಕು ಅಂತ ಕಾನೂನಿದೆ. ಅಲ್ಲಿನ ಚಳಿಯಲ್ಲಿ ವರ್ಷಕ್ಕೆ ಸುಮಾರು ಶೇ 2ರಷ್ಟು ಆವಿಯಾಗುತ್ತೆ. ಬೆಂಗಳೂರಿನ ಅಮೃತ್ ಡಿಸ್ಟಿಲರಿಯಲ್ಲಿ ಈ ನಷ್ಟ ಶೇ 10 ದಾಟುತ್ತೆ. ಮರದ ಜೊತೆಗಿನ ಒಡನಾಟವೂ ಇಲ್ಲಿ ಬೇಗ ನಡೆಯುವುದರಿಂದ ಕೆಲವೇ ವರ್ಷಗಳಲ್ಲಿ ಮಾಲ್ಟ್ ಮಾಗುತ್ತೆ. 2004ರಲ್ಲಿ ಗ್ಲಾಸ್ಗೋದಲ್ಲಿ ಬಿಡುಗಡೆಯಾದ ಅಮೃತ್ ಸಿಂಗಲ್ ಮಾಲ್ಟ್‌ನ ನಂತರ ಬಂದ ಫ್ಯೂಷನ್, ಭಾರತದ ಬಾರ್ಲಿ ಮತ್ತು ಸ್ಕಾಟ್ಲೆಂಡಿನ ಪೀಟೆಡ್ ಬಾರ್ಲಿ ಎರಡರಿಂದ ಆದದ್ದು. ಜಿಮ್ ಮರ್ರೆಯ 2010ರ ವಿಸ್ಕಿ ಬೈಬಲ್ ಅದಕ್ಕೆ ಜಗತ್ತಿನ ಮೂರನೇ ಸ್ಥಾನ ಕೊಟ್ಟಿತು, ಲೇಬಲ್ ಮೇಲೆ ವಯಸ್ಸಿನ ಅಂಕಿ ಇಲ್ಲದೆಯೇ. ಇನ್ನೊಂದು ವಿಷಯ: ಪೀಪಾಯಿಯಲ್ಲಿ ವರ್ಷ ಹೆಚ್ಚಿದಷ್ಟೂ ಹೊಗೆ ಮೆತ್ತಗಾಗುತ್ತೆ. ಹಾಗಾಗಿ ಹೊಗೆ ಇಷ್ಟಪಡುವವರಿಗೆ ಹಳೆಯದೇ ಮೇಲು ಅಂತೇನಿಲ್ಲ.

ರೇಟಿನ ಕಥೆಯಲ್ಲಂತೂ ರಾಜಕೀಯವೇ ಹೆಚ್ಚು. ಸ್ಕಾಚ್ ಮೇಲೆ ಭಾರತ ವರ್ಷಗಟ್ಟಲೆ ಶೇ 150 ಆಮದು ಸುಂಕ ಹಾಕಿತ್ತು. 2025ರ ಜುಲೈನಲ್ಲಿ ಸಹಿಯಾದ ಭಾರತ–ಬ್ರಿಟನ್ ವ್ಯಾಪಾರ ಒಪ್ಪಂದದ ಪ್ರಕಾರ ಅದು ಮೊದಲು ಶೇ 75ಕ್ಕೆ, ಹತ್ತು ವರ್ಷದಲ್ಲಿ ಶೇ 40ಕ್ಕೆ ಇಳಿಯಬೇಕು. ಇದರ ಮೇಲೆ ರಾಜ್ಯದ ಅಬಕಾರಿ ಸುಂಕ ಬೇರೆ. ಸುಂಕ ಇಳಿದಾಗ ವಿಸ್ಕಿಯ ರುಚಿಯೇನೂ ಇಳಿಯಲ್ಲ. ಅಂದಮೇಲೆ ಸುಂಕ ಏರಿದ್ದಾಗ ರುಚಿ ಏರಿತ್ತು ಅಂತ ನಂಬೋದು ಹೇಗೆ?

ಹಾಗಾದರೆ ರುಚಿ ನೋಡೋದು ಹೇಗೆ? ಕುಡಿಯಿರಿ ಅಂತ ನಾನು ಹೇಳ್ತಿಲ್ಲ. ಕುಡಿಯುವವರಿಗೆ 15 ಮಿಲಿ ಸಾಕು. ಬಾಯಿ ಕಿರಿದಾದ ಗ್ಲಾಸ್ ಇರಲಿ, ಐಸ್ ಬೇಡ. ಐದು ನಿಮಿಷ ಬಿಡಿ. ಬಾಯಿ ಸ್ವಲ್ಪ ತೆರೆದು, ಗ್ಲಾಸನ್ನು ದೂರದಿಂದ ನಿಧಾನಕ್ಕೆ ಮೂಗಿನ ಹತ್ತಿರ ತನ್ನಿ. ಮೊದಲು ಬರೀ ಹೊಗೆ. ಮೂಗು ಅದಕ್ಕೆ ಒಗ್ಗಿದ ಮೇಲೆ ಹಿಂದಿರುವುದು ಕಾಣಿಸಿಕೊಳ್ಳುತ್ತೆ: ನಿಂಬೆ, ಜೇನು, ಉಪ್ಪು, ಬೇಯಿಸಿದ ಕಾಳು. ಸಣ್ಣ ಗುಟುಕು ತೆಗೆದುಕೊಂಡು ನಾಲಿಗೆ ಮೇಲೆ ತಿರುಗಿಸಿ ನುಂಗಿ. ಆಮೇಲೆ ಕೆಲವು ಹನಿ ನೀರು ಹಾಕಿ. ಹೊಗೆವಾಸನೆಯ ಗ್ವಾಯಕಾಲ್ ಎಂಬ ಅಣು ನೀರು ಬೆರೆಸಿದಾಗ ದ್ರವದ ಮೇಲ್ಮೈಗೆ ಬರುತ್ತೆ ಅಂತ 2017ರಲ್ಲಿ ಸ್ವೀಡನ್ನಿನ ವಿಜ್ಞಾನಿಗಳಾದ ಕಾರ್ಲ್ಸನ್ ಮತ್ತು ಫ್ರೀಡ್‌ಮನ್ ಕಂಪ್ಯೂಟರ್ ಲೆಕ್ಕಾಚಾರದಿಂದ ತೋರಿಸಿದರು. ನೀರು ಹಾಕಿದರೆ ಮರ್ಯಾದೆ ಹೋಗುತ್ತೆ ಅನ್ನುವವರಿಗೆ ಇದನ್ನು ಹೇಳಿ.

ತೀರ್ಪು ಕೊಡಲು ನಾನು ಕೇಳಿಕೊಳ್ಳುವ ಪ್ರಶ್ನೆ ಮೂರು. ಹೊಗೆಯ ಹಿಂದೆ ಬೇರೇನಾದರೂ ಇದೆಯಾ? ಮೂಗಿನಿಂದ ಬಾಯಿಗೆ, ಬಾಯಿಂದ ಗಂಟಲಿಗೆ ಹೋಗುವಾಗ ಅದು ಬದಲಾಗುತ್ತಾ? ಕೊನೆಗೆ ಉಳಿಯುವುದು ಹಿತವಾದ ಬೂದಿಯೋ, ಸುಟ್ಟ ರಬ್ಬರಿನ ಕಹಿಯೋ?

ಉತ್ತರಕ್ಕೆ ಇಂಗ್ಲಿಷ್ ಪುಸ್ತಕದ ಪದ ಹುಡುಕಬೇಡಿ. ಅಲ್ಲಿನವರು ತಾವು ಕಂಡ ಕಾಡುಹೂವು, ಸಮುದ್ರದ ಪಾಚಿಯ ಹೆಸರು ಹೇಳಿದರು. ನಾವು ಬಚ್ಚಲೊಲೆ, ಸಾಂಬ್ರಾಣಿ, ಒಣಮೀನು, ಬಿಸಿ ಡಾಂಬರು ಅನ್ನಬಹುದು. ‘ಡೆಟಾಲ್ ವಾಸನೆ’ ಅಂದರೆ ನಗುವವರಿದ್ದಾರೆ. ಆದರೆ ಡೆಟಾಲ್‌ನ ಮುಖ್ಯ ರಾಸಾಯನಿಕವೂ ಫೀನಾಲ್ ಕುಲದ್ದೇ, ಲವಂಗದ ಘಮವೂ ಅದೇ ಕುಲದ್ದು. ಮೂಗು ಸರಿಯಾಗೇ ಹೇಳಿದೆ. ನಮ್ಮಲ್ಲಿ ಸಾರಾಯಿ ಕುಡಿದವನು ಕುಡುಕ, ಮಾಲ್ಟ್ ಕುಡಿದವನು ರಸಿಕ. ಆ ಅಂತರ ಕಾಯ್ದುಕೊಳ್ಳಲು ದುಡ್ಡಿನಷ್ಟೇ ಈ ಎರವಲು ಪದಗಳೂ ಕೆಲಸ ಮಾಡುತ್ತವೆ.

ಅಂಕಿಯ ಮೋಹಕ್ಕೆ ಇನ್ನೂ ಒಂದು ಬೆಲೆ ಇದೆ. ಭೂಮಿಯ ನೆಲದಲ್ಲಿ ಪೀಟ್ ಇರುವುದು ಸುಮಾರು ಶೇ 3 ಭಾಗದಲ್ಲಿ. ಆದರೆ ಅದು ಹಿಡಿದಿಟ್ಟಿರುವ ಇಂಗಾಲ ಜಗತ್ತಿನ ಎಲ್ಲ ಕಾಡುಗಳ ಮರಗಿಡಗಳಲ್ಲಿ ಇರುವುದಕ್ಕಿಂತ ಜಾಸ್ತಿ. ಪೀಟ್ ಅಗೆಯುವುದರಲ್ಲಿ ವಿಸ್ಕಿಯ ಪಾಲು ಸಣ್ಣದು, ತೋಟಗಾರಿಕೆಯದೇ ದೊಡ್ಡದು, ನಿಜ. ಆದರೂ ವರ್ಷಕ್ಕೆ ಒಂದು ಮಿಲಿಮೀಟರ್ ಬೆಳೆಯುವುದನ್ನು ಲೇಬಲ್ ಮೇಲಿನ ನಂಬರ್ ದೊಡ್ಡದು ಮಾಡಲು ಸುಡುವುದಕ್ಕೆ ನನಗೆ ಸಮರ್ಥನೆ ಕಾಣಲ್ಲ. ಕಡಿಮೆ ಪೀಟ್‌ನಲ್ಲೂ ಹೊಗೆ ಸೊಗಸಾಗಿ ಕೂತ ಮಾಲ್ಟ್‌ಗಳಿವೆ. ಮುಂದಿನ ಸಲ ಯಾರಾದರೂ ಪಿಪಿಎಂ ಎಷ್ಟು ಅಂತ ಕೇಳಿದರೆ ಗ್ಲಾಸ್ ಅವರ ಕೈಗೆ ಕೊಟ್ಟು, ಇದು ನಿಮಗೆ ಯಾವುದನ್ನು ನೆನಪಿಸುತ್ತೆ ಅಂತ ಕೇಳಿ.