ರಜೆ ಮುಗಿಯಿತು, ಆಟಿಕೆ ಉಳಿಯಿತು: ಮಗುವಿನ ಮಾತಿಗೆ ಎಡೆ ಬೇಕು

ಓಣಂ ಪರೀಕ್ಷೆ, ಅದರ ಬೆನ್ನಿಗೆ ಹತ್ತು ದಿನಗಳ ರಜೆ, ಆಸುಪಾಸಿನಲ್ಲೇ ಅಷ್ಟಮಿ ಮತ್ತು ಚೌತಿ. ಕಾಸರಗೋಡಿನ ಕನ್ನಡ ಮನೆಗಳಿಗೆ ನೆಂಟರು ಬರುವ ಕಾಲವಿದು. ಗಲ್ಫಿನಿಂದ ಚಿಕ್ಕಪ್ಪ, ಬೆಂಗಳೂರಿನಿಂದ ಅತ್ತೆ, ಮಂಗಳೂರಿನಿಂದ ಸೋದರಮಾವ ಯಾರೂ ಬರಿಗೈಯಲ್ಲಿ ಬರುವುದಿಲ್ಲ. ಅವರು ಹಿಂದಿರುಗಿದ ಮೇಲೆ ಜಗಲಿಯಲ್ಲಿ ಉಳಿಯುವುದು ರಿಮೋಟಿನ ಕಾರು, ಹಾಡುವ ಗೊಂಬೆ, ಗುಂಡಿ ಒತ್ತಿದರೆ ಇಂಗ್ಲಿಷ್ ಅಕ್ಷರ ಉಚ್ಚರಿಸುವ ಹಲಗೆ ಮತ್ತು ಹರಿದ ರಟ್ಟಿನ ಪೆಟ್ಟಿಗೆಗಳು. ಮಗುವಾದರೋ ಒಂದನ್ನು ಹಿಡಿದು, ಇನ್ನೊಂದನ್ನು ಎಸೆದು, ಮೂರನೆಯದಕ್ಕಾಗಿ ಅಳುತ್ತಿರುತ್ತದೆ. ಈ ರಾಶಿಯನ್ನು ಏನು ಮಾಡಬೇಕೆಂದು ಶಾಲೆಯ ಪೋಷಕರ ಸಭೆಗಳಲ್ಲಿ ತಾಯಂದಿರು ನಮ್ಮನ್ನು ಕೇಳುವುದುಂಟು.

ಮೊದಲು ಸುರಕ್ಷತೆಯ ಮಾತು. 2021ರ ಜನವರಿ 1ರಿಂದ ಭಾರತದಲ್ಲಿ ಮಾರುವ ಮಕ್ಕಳ ಆಟಿಕೆಗಳಿಗೆ ಐ.ಎಸ್.ಐ. ಗುರುತು ಕಡ್ಡಾಯವಾಗಿದೆ. ಹೊರದೇಶದಿಂದ ಪೆಟ್ಟಿಗೆಯಲ್ಲಿ ಬಂದ ಆಟಿಕೆಯಲ್ಲಿ ಆ ಗುರುತನ್ನು ನಿರೀಕ್ಷಿಸುವಂತಿಲ್ಲ. ಜಾತ್ರೆಯ ಸಂತೆಯಲ್ಲಿ ಕೊಂಡದ್ದರಲ್ಲೂ ಅದನ್ನು ಹುಡುಕಿ ನೋಡಬೇಕು. ರಟ್ಟಿನ ಮೇಲೆ ವೃತ್ತದೊಳಗೆ ಮಗುವಿನ ಮುಖ, 0-3 ಎಂಬ ಅಂಕಿ, ಅದರ ಮೇಲೊಂದು ಅಡ್ಡಗೆರೆ ಇದ್ದರೆ ಆ ಆಟಿಕೆ ಮೂರು ವರ್ಷಕ್ಕಿಂತ ಚಿಕ್ಕವರಿಗಲ್ಲ. ಸುಮಾರು 3 ಸೆಂ.ಮೀ. ಅಗಲದ ಕೊಳವೆಯೊಳಗೆ ಇಳಿಯುವ ಯಾವ ವಸ್ತುವೂ ಆ ವಯಸ್ಸಿನವರ ಕೈಗೆ ಸಿಗಬಾರದು. ಎಲ್ಲಕ್ಕಿಂತ ಅಪಾಯಕಾರಿಯಾದದ್ದು ನಾಣ್ಯದಂತಹ ಗುಂಡಿ ಬ್ಯಾಟರಿ. ಅದು ಮಗುವಿನ ಅನ್ನನಾಳದಲ್ಲಿ ಸಿಲುಕಿದರೆ ಎರಡೇ ಗಂಟೆಗಳಲ್ಲಿ ಒಳಗೆ ಸುಟ್ಟ ಗಾಯವಾಗಬಲ್ಲುದು. ಬ್ಯಾಟರಿಯ ಮುಚ್ಚಳಕ್ಕೆ ತಿರುಪುಮೊಳೆ ಇಲ್ಲದ ಆಟಿಕೆಯನ್ನು ಅಟ್ಟಕ್ಕೇರಿಸುವುದೇ ಲೇಸು. ನುಂಗಿದೆಯೆಂಬ ಸಂಶಯ ಬಂದರೂ ಸಾಕು, ವಾಂತಿ ಮಾಡಿಸಲು ಹೋಗದೆ ಕೂಡಲೇ ಆಸ್ಪತ್ರೆಗೆ ಒಯ್ಯಬೇಕು.

ಇನ್ನು ಸಂಖ್ಯೆಯ ವಿಚಾರ. ಅಮೆರಿಕದ ಟೊಲೆಡೊ ವಿಶ್ವವಿದ್ಯಾಲಯದ ಸಂಶೋಧಕರು 36 ಪುಟ್ಟ ಮಕ್ಕಳನ್ನು ಒಮ್ಮೆ 4 ಆಟಿಕೆಗಳೊಂದಿಗೆ, ಇನ್ನೊಮ್ಮೆ 16 ಆಟಿಕೆಗಳೊಂದಿಗೆ ಆಡಗೊಟ್ಟು ನೋಡಿದರು. 2018ರಲ್ಲಿ ಪ್ರಕಟವಾದ ಆ ಅಧ್ಯಯನದಂತೆ, ಆಟಿಕೆ ಕಡಿಮೆಯಿದ್ದಾಗ ಮಕ್ಕಳು ಒಂದೊಂದರಲ್ಲಿಯೂ ಹೆಚ್ಚು ಹೊತ್ತು ತೊಡಗಿ, ಅದನ್ನು ಬಗೆಬಗೆಯಾಗಿ ಬಳಸಿ ಆಡಿದರು. ಹಾಗೆಂದು ಬಂದ ಉಡುಗೊರೆಯನ್ನು ಮಗು ಮಲಗಿದ ಮೇಲೆ ಮಾಯ ಮಾಡುವುದು ಸರಿಯಲ್ಲ. ಅದು ಮಗುವಿನ ಸೊತ್ತು. ಮಗುವನ್ನೇ ಕೂರಿಸಿಕೊಂಡು ಮೂರು ಪಾಲು ಮಾಡಿರಿ. ಒಂದು ಪಾಲು ಕೈಗೆ ಸಿಗುವಲ್ಲಿರಲಿ, ಉಳಿದೆರಡು ಪೆಟ್ಟಿಗೆಯಲ್ಲಿರಲಿ. ಎರಡು ವಾರಕ್ಕೊಮ್ಮೆ ಬದಲಿಸಿದರೆ ಹಳತೇ ಹೊಸತಾಗುತ್ತದೆ. ಯಾವುದು ಒಳಗೆ, ಯಾವುದು ಹೊರಗೆ ಎಂಬ ಚರ್ಚೆಯಲ್ಲಿ ಮಗು ಆಡುವ ಮಾತೇ ದೊಡ್ಡ ಲಾಭ.

ಮಾತಿನ ಈ ವಿಷಯವನ್ನೇ ನಾವು ತುಸು ವಿಸ್ತರಿಸಿ ಹೇಳಬಯಸುತ್ತೇವೆ. ಒಂದನೆಯ ತರಗತಿಗೆ ಬರುವ ಮಕ್ಕಳಲ್ಲಿ ‘ರೆಡ್’, ‘ಬ್ಲೂ’ ಬಲ್ಲವರು ಬಹಳ. ಕೆಂಪು, ನೀಲಿ ಎಂದರೆ ಮುಖ ನೋಡುವವರೂ ಇದ್ದಾರೆ. ಆನೆಯ ಚಿತ್ರ ತೋರಿಸಿದರೆ ಆಟಿಕೆಯ ಧ್ವನಿಯಲ್ಲಿಯೇ ‘ಎಲಿಫೆಂಟ್’ ಎನ್ನುತ್ತಾರೆ. 2016ರಲ್ಲಿ ಪ್ರಕಟವಾದ ಮತ್ತೊಂದು ಅಮೆರಿಕನ್ ಅಧ್ಯಯನದಲ್ಲಿ 10ರಿಂದ 16 ತಿಂಗಳ ಶಿಶುಗಳಿರುವ 26 ಮನೆಗಳಿಗೆ ಮೂರು ಬಗೆಯ ವಸ್ತುಗಳನ್ನು ಕೊಡಲಾಗಿತ್ತು: ಮಾತಾಡುವ ಬ್ಯಾಟರಿ ಆಟಿಕೆ, ಮರದ ತುಂಡುಗಳಂತಹ ಸಾಮಾನ್ಯ ಆಟಿಕೆ ಮತ್ತು ಪುಸ್ತಕ. ಬ್ಯಾಟರಿ ಆಟಿಕೆ ಎದುರಿಗಿದ್ದಾಗ ಹೆತ್ತವರು ಆಡಿದ ಮಾತು ಕಡಿಮೆ, ಮಗುವಿನೊಂದಿಗೆ ನಡೆದ ಸಂವಾದವೂ ಕಡಿಮೆ. ಪುಸ್ತಕವಿದ್ದಾಗ ಮಾತು ಹೆಚ್ಚು. ಆಟಿಕೆ ಮಾತಾಡತೊಡಗಿದರೆ ತಾಯಿ ಸುಮ್ಮನಾಗುತ್ತಾಳೆ ಎಂಬುದೇ ಇದರ ತಾತ್ಪರ್ಯ.

ಮೈಸೂರಿನ ಮಗುವಿಗೆ ಈ ನಷ್ಟ ಬೀದಿಯಲ್ಲಿ ತುಂಬಿಬರುತ್ತದೆ. ಬಸ್ಸಿನ ಫಲಕ, ಅಂಗಡಿಯ ಹೆಸರು, ಪಕ್ಕದ ಮನೆಯ ಜಗಳ ಎಲ್ಲವೂ ಅಲ್ಲಿ ಕನ್ನಡ ಕಲಿಸುತ್ತವೆ. 1956ರ ನವೆಂಬರ್ 1ರಿಂದ ಕೇರಳದಲ್ಲಿರುವ ನಮ್ಮ ಮಕ್ಕಳಿಗೆ ಬೀದಿ ಹಾಗೆ ಒದಗುವುದಿಲ್ಲ. ಮನೆ ಮತ್ತು ಶಾಲೆಯೇ ಆಧಾರ. ಮನೆಮಾತು ತುಳುವೋ ಕೊಂಕಣಿಯೋ ಮರಾಠಿಯೋ ಹವ್ಯಕವೋ ಆಗಿದ್ದರೂ ಚಿಂತೆಯಿಲ್ಲ. ಆ ಮಾತು ಗಟ್ಟಿಯಾಗಿದ್ದ ಮಗು ಶಾಲೆಯ ಕನ್ನಡವನ್ನು ಬೇಗನೆ ಹಿಡಿಯುತ್ತದೆ. ಯಾವ ಮಾತೂ ಗಟ್ಟಿಯಿಲ್ಲದೆ ಬಂದ ಮಗುವಿಗೆ ಕಲಿಸುವುದು ಕಷ್ಟ.

ಆದ್ದರಿಂದ ಹಾಡುವ ಗೊಂಬೆಯ ಬ್ಯಾಟರಿ ತೆಗೆದುಬಿಡಿ. ಅದಕ್ಕೊಂದು ಹೆಸರಿಟ್ಟು, ಅದರ ಪರವಾಗಿ ಮಗುವೇ ಮಾತಾಡಲಿ. ರಿಮೋಟಿನ ಕಾರು ಜಗಲಿಯಿಂದ ಅಂಗಳಕ್ಕೆ ಹೋಗುವ ಬಸ್ಸಾಗಲಿ, ಅಜ್ಜಿ ಅದರ ಕಂಡಕ್ಟರ್ ಆಗಲಿ. ಅಡಕೆ ಹಾಳೆಯ ಮೇಲೆ ತಂಗಿಯನ್ನು ಕೂರಿಸಿ ಎಳೆಯುವ ಆಟಕ್ಕೆ ದುಡ್ಡೂ ಬೇಡ, ಬ್ಯಾಟರಿಯೂ ಬೇಡ. ಆಟಿ ತಿಂಗಳಲ್ಲಿ ಹೊರಬಂದ ಚೆನ್ನೆಮಣೆಯನ್ನು ಮತ್ತೆ ಅಟ್ಟಕ್ಕೆ ಹಾಕಬೇಡಿ. ಹದಿನಾಲ್ಕು ಕುಳಿಗಳಲ್ಲಿ ಕಾಯಿ ಹಂಚುತ್ತ ಆರು ವರ್ಷದ ಮಗು ಎಣಿಕೆಯನ್ನು ತಾನಾಗಿ ಕಲಿಯುತ್ತದೆ. ಆದರೆ ಮಂಜೊಟ್ಟಿ ಕಾಯಿ ಕಡಿಮೆ ಬಿತ್ತೆಂದು ಗುಲಗಂಜಿ ಸೇರಿಸುವ ರೂಢಿ ಬೇಡ, ಗುಲಗಂಜಿಯ ಬೀಜ ವಿಷ. ಪುಟ್ಟ ತಮ್ಮಂದಿರು ಓಡಾಡುವ ಮನೆಯಲ್ಲಿ ಆಟ ಮುಗಿದೊಡನೆ ಕಾಯಿಗಳನ್ನು ಎಣಿಸಿ ಎತ್ತಿಡಬೇಕು.

ಉಡುಗೊರೆ ತರುವವರಿಗೂ ಮೊದಲೇ ಹೇಳುವುದರಲ್ಲಿ ಸಂಕೋಚವೇನಿಲ್ಲ. ಬೆಂಗಳೂರಿನ ಅತ್ತೆಗೆ ದೂರವಾಣಿಯಲ್ಲಿ, ‘ಈ ಸಲ ಪುಸ್ತಕ ತನ್ನಿ’ ಎಂದರೆ ಅವರು ನೊಂದುಕೊಳ್ಳಲಾರರು. ನ್ಯಾಷನಲ್ ಬುಕ್ ಟ್ರಸ್ಟ್, ನವಕರ್ನಾಟಕ, ಪ್ರಥಮ್ ಬುಕ್ಸ್ ಪ್ರಕಟಿಸಿದ ಕನ್ನಡ ಮಕ್ಕಳ ಪುಸ್ತಕಗಳು ರಿಮೋಟಿನ ಕಾರಿಗಿಂತ ಎಷ್ಟೋ ಅಗ್ಗ. ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್ ಜಾಲತಾಣದಲ್ಲಿ ಕನ್ನಡ ಕಥೆಗಳನ್ನು ಉಚಿತವಾಗಿಯೇ ಓದಬಹುದು.

ಶಾಲೆಗೆ ಆಟಿಕೆ ತರುವ ಬಗ್ಗೆ ನಮ್ಮ ನಿಲುವು ಕಟುವಾದದ್ದು. ಗಲ್ಫಿನ ನೆಂಟರಿಲ್ಲದ, ರಜೆಯಲ್ಲಿ ಏನೂ ಸಿಗದ ಮಕ್ಕಳೂ ಅದೇ ಬೆಂಚಿನಲ್ಲಿ ಕುಳಿತಿರುತ್ತಾರೆ. ಆಟಿಕೆಯನ್ನು ತಂದು ತೋರಿಸುವ ದಿನದ ಬದಲು, ರಜೆಯಲ್ಲಿ ಆಡಿದ ಒಂದು ಆಟವನ್ನು ಮಾತಿನಲ್ಲಿ ವಿವರಿಸುವ ದಿನವಿರಲಿ. ಅಂಗನವಾಡಿಗೆ ಆಟಿಕೆ ಕೊಡುವುದಾದರೆ ಗಟ್ಟಿಮುಟ್ಟಾದದ್ದನ್ನು, ತೊಳೆದು, ಮಗುವಿನ ಕೈಯಿಂದಲೇ ಕೊಡಿಸಿರಿ.

ಮುರಿದ ಪ್ಲಾಸ್ಟಿಕನ್ನು ತೋಟದ ಮೂಲೆಯಲ್ಲಿ ಸುಡಬಾರದು. ತೊಳೆದು ಒಣಗಿಸಿಟ್ಟರೆ ಮನೆಗೆ ಬರುವ ಹರಿತ ಕರ್ಮ ಸೇನೆಯವರು ಒಯ್ಯುತ್ತಾರೆ. ಬ್ಯಾಟರಿಯನ್ನು ಮಾತ್ರ ಅದರಿಂದ ತೆಗೆದು, ಎರಡೂ ಬದಿಗೆ ಅಂಟುಪಟ್ಟಿ ಸುತ್ತಿ, ಮಕ್ಕಳಿಗೆ ನಿಲುಕದಲ್ಲಿಟ್ಟು ಬೇರೆಯಾಗಿಯೇ ಒಪ್ಪಿಸಬೇಕು.