ನಿಮಗಿದು ಗೊತ್ತೇ? ಸೇಫ್ಟಿ ಸಾಹೇಬರ ಮೂರನೆಯ ಅರ್ಹತೆ

ಕಲಬುರಗಿ ಜಿಲ್ಲೆಯ ವಾಡಿಯಲ್ಲಿ ಎಸಿಸಿ, ಸೇಡಂನಲ್ಲಿ ವಾಸವದತ್ತಾ, ಮಳಖೇಡದಲ್ಲಿ ರಾಜಶ್ರೀ, ಚಿತ್ತಾಪುರ ತಾಲ್ಲೂಕಿನ ಇಟಗಾದಲ್ಲಿ ಓರಿಯಂಟ್, ಚಿಂಚೋಳಿ ತಾಲ್ಲೂಕಿನ ಛತ್ರಸಾಲಾದಲ್ಲಿ ಕಲಬುರಗಿ ಸಿಮೆಂಟ್. ಮಾಲೀಕರು ಬದಲಾದರೂ ಜನ ಬಿಡದೆ ಕರೆಯುವ ಹೆಸರುಗಳಿವು. ಇಷ್ಟೂ ಸಿಮೆಂಟ್ ಕಾರ್ಖಾನೆಗಳನ್ನು ಸಾಕುತ್ತಿರುವುದು ತೊಗರಿ ಹೊಲಗಳ ಕೆಳಗೆ ಹಾಸಿಕೊಂಡಿರುವ ಸುಣ್ಣದಕಲ್ಲು. ಈ ಊರುಗಳಲ್ಲಿ ಡಿಪ್ಲೊಮಾ ಮುಗಿಸಿದ ಹುಡುಗರ ಬಾಯಲ್ಲಿ ಈಗ ಒಂದೇ ಪ್ರಶ್ನೆ: ಸೇಫ್ಟಿ ಆಫೀಸರ್ ಆಗಬೇಕಾದರೆ ಏನು ಓದಬೇಕು?

ಈ ಪ್ರಶ್ನೆಯ ಹಿಂದೊಂದು ಕತೆಯಿದೆ. ಭೋಪಾಲ್ ಅನಿಲ ದುರಂತ ನಡೆದದ್ದು 1984ರಲ್ಲಿ. ಮೂರು ವರ್ಷಗಳ ನಂತರ ಕಾರ್ಖಾನೆಗಳ ಕಾಯ್ದೆಗೆ ‘ಅಪಾಯಕಾರಿ ಪ್ರಕ್ರಿಯೆ’ಗಳ ಅಧ್ಯಾಯ ಸೇರಿತು. ಅದರ ಪಟ್ಟಿಯಲ್ಲಿ ರಾಸಾಯನಿಕ, ಪೆಟ್ರೋಲಿಯಂಗಳ ಸಾಲಿನಲ್ಲೇ ಸಿಮೆಂಟೂ ಸ್ಥಾನ ಪಡೆಯಿತು. ನಾವು ಮನೆ ಮುಂದೆ ಗುಡ್ಡೆ ಹಾಕಿಸಿಕೊಂಡು ಬರಿಗೈಯಲ್ಲಿ ಕಲೆಸುವ ಅದೇ ಸಿಮೆಂಟು.

ಸಾವಿರ ಕೆಲಸಗಾರರಿದ್ದ ಕಾರ್ಖಾನೆಗೆ ಸುರಕ್ಷತಾ ಅಧಿಕಾರಿ ಕಡ್ಡಾಯ ಎಂದು 1948ರ ಈ ಕಾರ್ಖಾನೆಗಳ ಕಾಯ್ದೆ ಹೇಳುತ್ತಿತ್ತು. 2025ರ ನವೆಂಬರ್ 21ರಿಂದ ಅದರ ಜಾಗಕ್ಕೆ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿಗಳ ಸಂಹಿತೆ ಬಂದಿದೆ. ಈಗ ಸಾವಿರ ಬೇಕಿಲ್ಲ, 500 ಸಾಕು. ಅಪಾಯಕಾರಿ ಪ್ರಕ್ರಿಯೆಯಾದರೆ 250. ಗಣಿಯಾದರೆ ಬರೀ 100. ಓದುವ ಹುಡುಗರಿಗೆ ಇದಕ್ಕಿಂತ ಒಳ್ಳೆಯ ಸುದ್ದಿ ಇತ್ತೀಚೆಗೆ ಬಂದಿಲ್ಲ.

ಈ ಹುದ್ದೆಗೆ ರಾಜ್ಯಗಳು ಅನುಸರಿಸುತ್ತ ಬಂದ ಮಾದರಿ ನಿಯಮದಲ್ಲಿ ಮೂರು ಅರ್ಹತೆಗಳಿವೆ. ಒಂದು, ಎಂಜಿನಿಯರಿಂಗ್ ಪದವಿ ಮತ್ತು 2 ವರ್ಷ ಮೇಲ್ವಿಚಾರಣೆಯ ಅನುಭವ. ಡಿಪ್ಲೊಮಾ ಅಥವಾ ಭೌತ-ರಸಾಯನ ವಿಜ್ಞಾನದ ಪದವಿಯಾದರೆ 5 ವರ್ಷ. ಎರಡು, ರಾಜ್ಯ ಸರ್ಕಾರ ಮಾನ್ಯ ಮಾಡಿದ ಕೈಗಾರಿಕಾ ಸುರಕ್ಷತೆಯ ಡಿಪ್ಲೊಮಾ. ಕೋಚಿಂಗ್ ಜಾಹೀರಾತುಗಳು ಇಲ್ಲಿಗೇ ನಿಲ್ಲುತ್ತವೆ. ಮೂರನೆಯದನ್ನು ಹೇಳುವವರು ಕಡಿಮೆ: ಆ ಭಾಗದ ಹೆಚ್ಚಿನ ಕೆಲಸಗಾರರು ಆಡುವ ಭಾಷೆ ಚೆನ್ನಾಗಿ ಬರಬೇಕು.

ಎರಡನೆಯ ಅರ್ಹತೆಗೆ ಹೆಸರಾದ ಓದು ಒಂದು ವರ್ಷದ ಕೈಗಾರಿಕಾ ಸುರಕ್ಷತೆಯ ಅಡ್ವಾನ್ಸ್ಡ್ ಡಿಪ್ಲೊಮಾ, ಹುಡುಗರ ಬಾಯಲ್ಲಿ ‘ಎಡಿಐಎಸ್’. ಇದನ್ನು ನಡೆಸುವ ಕೇಂದ್ರ ಸರ್ಕಾರದ ಸಂಸ್ಥೆಗಳು ಮುಂಬೈನ ಸಯನ್‌ನಲ್ಲಿವೆ, ಚೆನ್ನೈನ ತರಮಣಿಯಲ್ಲಿವೆ, ಕಾನ್ಪುರ, ಕೋಲ್ಕತ್ತ, ಫರೀದಾಬಾದ್‌ಗಳಲ್ಲಿವೆ. ಕರ್ನಾಟಕದಲ್ಲಿ ಇಲ್ಲ. ಆದರೆ ವಾಡಿ ಜಂಕ್ಷನ್ ಇರುವುದೇ ಮುಂಬೈ-ಚೆನ್ನೈ ಮುಖ್ಯ ಮಾರ್ಗದ ಮೇಲೆ! ಒಂದು ಕಡೆಯ ಗಾಡಿ ಹತ್ತಿದರೆ ಒಂದು ಸಂಸ್ಥೆ, ಎದುರಿನ ಗಾಡಿ ಹತ್ತಿದರೆ ಇನ್ನೊಂದು. ಇದೇ ವಾಡಿಯಿಂದ ಚಿತ್ತಾಪುರ, ಸೇಡಂ ಹಾದು ಸಿಕಂದರಾಬಾದಿಗೆ ನಿಜಾಮರ ರೈಲು ಓಡಲು ಶುರುವಾದದ್ದು 1874ರಲ್ಲಿ.

ಗಲ್ಫಿಗೆ ಹೋಗುವವರು ಕೇಳುವ ‘ನೆಬಾಷ್’ ಬೇರೆಯೇ ದಾರಿ. ಅದು 1979ರಲ್ಲಿ ಶುರುವಾದ ಬ್ರಿಟನ್ನಿನ ಪರೀಕ್ಷಾ ಮಂಡಳಿ. ಅದರ ಅಂತರರಾಷ್ಟ್ರೀಯ ಸರ್ಟಿಫಿಕೇಟಿನ ಮುಖ್ಯ ಪರೀಕ್ಷೆಗೆ ಈಗ ಪುಸ್ತಕ ತೆರೆದಿಟ್ಟುಕೊಂಡೇ ಉತ್ತರ ಬರೆಯಬಹುದು. ಸುಲಭ ಅಂದುಕೊಳ್ಳಬೇಡಿ. ಕೊಟ್ಟ ಸನ್ನಿವೇಶವನ್ನು ಬಿಡಿಸಿ ಹೇಳಲು ಬಾರದಿದ್ದರೆ ಪುಸ್ತಕ ತೆರೆದಿದ್ದೂ ಉಪಯೋಗವಿಲ್ಲ. ಇನ್ನೊಂದು ಮಾತು: ನಮ್ಮ ನಿಯಮ ಕೇಳುವುದು ರಾಜ್ಯ ಮಾನ್ಯ ಮಾಡಿದ ಡಿಪ್ಲೊಮಾವನ್ನು. ಫೀಸು ಕಟ್ಟುವ ಮೊದಲು ಆ ಒಂದು ಪ್ರಶ್ನೆ ಕೇಳಿ ನೋಡಿ. ಎದುರಿಗಿದ್ದವರ ಮುಖ ಹೇಗಾಗುತ್ತದೆ ಎಂಬುದೇ ಉತ್ತರ.

ಇನ್ನು ಪರೀಕ್ಷೆಯ ಲೆಕ್ಕಗಳು. 90 ಡೆಸಿಬೆಲ್ ಸದ್ದು ಮಾಡುವ ಒಂದು ಗಿರಣಿಯ ಪಕ್ಕ ಅಷ್ಟೇ ಸದ್ದಿನ ಇನ್ನೊಂದನ್ನು ಇಟ್ಟರೆ ಎಷ್ಟಾಗುತ್ತದೆ? 180 ಅಂದವರು ಫೇಲು. ಉತ್ತರ 93. ಹಾಗಂತ ಮೂರು ಡೆಸಿಬೆಲ್ ತಾನೇ ಎಂದು ಹಗುರ ಮಾಡುವಂತಿಲ್ಲ. ನಿಯಮದಂತೆ 90ರಲ್ಲಿ ದಿನಕ್ಕೆ 8 ಗಂಟೆ ನಿಲ್ಲಬಹುದು, 95ರಲ್ಲಿ ನಾಲ್ಕೇ ಗಂಟೆ, 100ರಲ್ಲಿ ಎರಡು, 115ಕ್ಕೆ ಹೋದರೆ ಕಾಲು ಗಂಟೆ.

ಪರೀಕ್ಷೆಗೆ ಕೂರುವವರೆಲ್ಲ ಮಾಡುವ ಲೆಕ್ಕ ಇನ್ನೊಂದಿದೆ. 500 ಜನ, ವಾರಕ್ಕೆ 48 ಗಂಟೆ, ವರ್ಷಕ್ಕೆ 50 ವಾರ ದುಡಿದರೆ 12 ಲಕ್ಷ ಮಾನವಗಂಟೆ. ಅಷ್ಟರಲ್ಲಿ 3 ಅಪಘಾತ ನಡೆದಿದ್ದರೆ, ಹತ್ತು ಲಕ್ಷ ಗಂಟೆಗೆ 2.5. ಇದಕ್ಕೆ ಅಪಘಾತದ ‘ಆವರ್ತನ ದರ’ ಎನ್ನುತ್ತಾರೆ. ಅಪಘಾತ ತಪ್ಪಿಸಿದರೂ ಈ ಅಂಕಿ ಇಳಿಯುತ್ತದೆ, ಅಪಘಾತವನ್ನು ಬರೆದಿಡದಿದ್ದರೂ ಇಳಿಯುತ್ತದೆ.

ಅದರ ಜೋಡಿ ಲೆಕ್ಕವೇ ‘ತೀವ್ರತೆಯ ದರ’. ಗಾಯದಿಂದ ಎಷ್ಟು ದಿನದ ದುಡಿಮೆ ಹೋಯಿತು ಎಂದು ಅದು ಎಣಿಸುತ್ತದೆ. ಸತ್ತವರು ಎಷ್ಟು ದಿನ ಕಳೆದುಕೊಂಡರು ಎಂದು ಎಣಿಸುವುದು ಹೇಗೆ? ಭಾರತೀಯ ಮಾನಕ 3786 ಅದಕ್ಕೊಂದು ಅಂಕಿ ಕೊಟ್ಟಿದೆ: 6,000 ದಿನ. ವರ್ಷಕ್ಕೆ 300 ದಿನದ ಕೆಲಸ ಎಂದರೆ ಇಪ್ಪತ್ತು ವರ್ಷದ ದುಡಿಮೆ. ಹದಿನೆಂಟರ ಹುಡುಗ ಸತ್ತರೂ ಅಷ್ಟೇ, ನಿವೃತ್ತಿಗೆ ಒಂದು ವರ್ಷ ಉಳಿದವರು ಸತ್ತರೂ ಅಷ್ಟೇ. ಈ ಪುಟ ಬಂದಾಗ ಓದುವುದನ್ನು ನಿಲ್ಲಿಸಿ ಸುಮ್ಮನೆ ಕೂತವರು ನಾಳೆ ಒಳ್ಳೆಯ ಸೇಫ್ಟಿ ಆಫೀಸರ್ ಆಗುತ್ತಾರೆಂದು ನನ್ನ ಅಂದಾಜು.

ಪುಸ್ತಕದಿಂದ ಕಾರ್ಖಾನೆಯ ಒಳಕ್ಕೆ ಬರೋಣ. ಸಿಮೆಂಟಿನ ಕುಲುಮೆಯೊಳಗೆ ಕಲ್ಲಿನ ಪುಡಿ ಸುಮಾರು 1,450 ಡಿಗ್ರಿ ಸೆಲ್ಸಿಯಸ್‌ನಲ್ಲಿ ಬೆಂದು ‘ಕ್ಲಿಂಕರ್’ ಎಂಬ ಗಟ್ಟಿ ಉಂಡೆಗಳಾಗುತ್ತದೆ. ಆದರೆ ಬಲ್ಲವರು ಹೆಚ್ಚು ಹೆದರುವುದು ಕುಲುಮೆಗಿಂತ, ಪುಡಿಯನ್ನು ಮೊದಲೇ ಕಾಯಿಸುವ ಪ್ರೀಹೀಟರ್ ಗೋಪುರಕ್ಕೆ. ಅಲ್ಲಿಯ ‘ಸೈಕ್ಲೋನ್’ ಎಂಬ ಪಾತ್ರೆಯಲ್ಲಿ ಕಾದ ಪುಡಿ ಕಟ್ಟಿಕೊಂಡರೆ ಅದನ್ನು ಬಿಡಿಸಲು ಒತ್ತಡದ ಗಾಳಿಯ ಕೊಳವೆ ಹಿಡಿದು ಚುಚ್ಚಬೇಕು. ಕಟ್ಟಿದ್ದು ತಟ್ಟನೆ ಬಿಟ್ಟಿತೋ, ನೂರಾರು ಡಿಗ್ರಿ ಕಾದ ಹಿಟ್ಟು ನೀರಿನ ಹಾಗೆ ಹರಿದು ಬರುತ್ತದೆ. ಅದಕ್ಕೇ ಆ ಕೆಲಸಕ್ಕೆ ಪರ್ಮಿಟ್ ಬೇಕು, ಮೈಪೂರ್ತಿ ಮುಚ್ಚುವ ಉಷ್ಣನಿರೋಧಕ ಉಡುಪು ಬೇಕು, ಕೆಳಗಿನ ಅಂತಸ್ತುಗಳಲ್ಲಿ ಯಾರೂ ಇರಕೂಡದು.

ಹಸಿ ಸಿಮೆಂಟ್ ಸುಡುತ್ತದೆ. ಬಿಸಿಯಿಂದಲ್ಲ, ಕ್ಷಾರದಿಂದ.

ಟ್ಯಾಂಕು, ಗುಂಡಿಗಳ ಒಳಗೆ ಇಳಿದವರ ಕೈದೀಪ 24 ವೋಲ್ಟ್ ದಾಟಬಾರದೆಂದು ಹಳೆಯ ಕಾಯ್ದೆಯ 36ಎ ಕಲಂ ಬರೆದಿಟ್ಟಿತ್ತು. ಮನೆಯ 230 ವೋಲ್ಟಿನ ಬಲ್ಬನ್ನೇ ವೈರು ಎಳೆದು ಇಳಿಬಿಡುವುದು ನಮ್ಮಲ್ಲಿ ಹೊಸ ನೋಟವೇನಲ್ಲ.

ಸುಣ್ಣದಕಲ್ಲಿನ ಗಣಿ ಕಾರ್ಖಾನೆಯ ಬೇಲಿಗೆ ಅಂಟಿಕೊಂಡೇ ಇದ್ದರೂ ಅದರ ಸರ್ಕಾರ ಬೇರೆ. ಕಾರ್ಖಾನೆಯನ್ನು ನೋಡಿಕೊಳ್ಳುವುದು ರಾಜ್ಯದ ಕಾರ್ಖಾನೆ ಇಲಾಖೆ. ಗಣಿಗೆ ಧನಬಾದಿನ ಗಣಿ ಸುರಕ್ಷತಾ ಮಹಾನಿರ್ದೇಶನಾಲಯ; ಅದು ಹುಟ್ಟಿದ್ದು 1902ರ ಜನವರಿ 7ರಂದು, ಕಲ್ಕತ್ತೆಯಲ್ಲಿ. ಮೇಟ್, ಬ್ಲಾಸ್ಟರ್, ಫೋರ್‌ಮನ್, ಮ್ಯಾನೇಜರ್ ಎಂದು ಮೆಟ್ಟಿಲು ಮೆಟ್ಟಿಲಾಗಿ ಪರೀಕ್ಷೆ ಕಟ್ಟಿ ಏರಬಹುದಾದ ಏಣಿ ಇಲ್ಲಿದೆ. ಈ ಪ್ರಮಾಣಪತ್ರಗಳಿಗೆ ಅರ್ಜಿ ಹಾಕುವವರ ಕೈಯಲ್ಲಿ ಪ್ರಥಮ ಚಿಕಿತ್ಸೆಯ ಸರ್ಟಿಫಿಕೇಟ್ ಇರಲೇಬೇಕು. ಗಣಿಯಲ್ಲಿ 500 ಜನರಿದ್ದರೆ ಕಾರ್ಮಿಕರ ಪರವಾಗಿಯೇ ತಪಾಸಣೆ ಮಾಡುವ ‘ಕಾರ್ಮಿಕರ ಇನ್‌ಸ್ಪೆಕ್ಟರ್’ಗಳನ್ನು ಯೂನಿಯನ್ನಿನ ಜೊತೆ ಸಮಾಲೋಚಿಸಿ ನೇಮಿಸಬೇಕೆಂದು 1955ರ ಗಣಿ ನಿಯಮಗಳಲ್ಲಿ ಇದೆ. ಗಣಿ, ವಿದ್ಯುತ್, ಯಂತ್ರ, ಒಂದೊಂದಕ್ಕೂ ಒಬ್ಬೊಬ್ಬರು.

ಕಲ್ಲಿನ ದೂಳು ಶ್ವಾಸಕೋಶ ಕೆಡಿಸುವ ಸಿಲಿಕೋಸಿಸ್ ಬಗ್ಗೆ ದೇಶದಲ್ಲಿ ನಡೆದ ಮೊದಲ ದೊಡ್ಡ ಅಧ್ಯಯನ ನಮ್ಮ ರಾಜ್ಯದ್ದೇ: ಕೋಲಾರ ಚಿನ್ನದ ಗಣಿಯದು, 1947. ಪರೀಕ್ಷೆ ಮಾಡಿಸಿಕೊಂಡ 7,653 ಕಾರ್ಮಿಕರಲ್ಲಿ ನೂರಕ್ಕೆ 40ಕ್ಕೂ ಹೆಚ್ಚು ಜನರಿಗೆ ರೋಗ ತಗುಲಿತ್ತು.

ಅದಕ್ಕೂ ಎರಡೂವರೆ ಶತಮಾನ ಮೊದಲು, 1700ರಲ್ಲಿ, ಇಟಲಿಯ ವೈದ್ಯ ರಾಮಾಜಿನಿ ಕೆಲಸಗಾರರ ರೋಗಗಳ ಮೇಲೆ ಲ್ಯಾಟಿನ್ನಿನಲ್ಲಿ ಪುಸ್ತಕ ಬರೆದಿದ್ದ. ಕಲ್ಲುಕುಟಿಗರ ಕೆಮ್ಮು, ಉಬ್ಬಸದ ಮಾತು ಅದರಲ್ಲಿದೆ. ರೋಗಿಯನ್ನು ಕಂಡಾಗ ‘ನಿನ್ನ ಕಸುಬು ಯಾವುದು?’ ಎಂದೂ ಕೇಳಿ ಎಂದು ವೈದ್ಯರಿಗೆ ಹೇಳಿಕೊಟ್ಟವನೂ ಅವನೇ. ಶಹಾಬಾದಿನ ಫರ್ಸಿ ಕಲ್ಲು ಕೊಯ್ದು ಪಾಲಿಶ್ ಮಾಡುವವರು ದವಾಖಾನೆಗೆ ಹೋದಾಗ ಈ ಪ್ರಶ್ನೆ ಎಷ್ಟು ಸಲ ಬರುತ್ತದೋ! ಕಸುಬಿನಿಂದ ಬಂದ ಪಟ್ಟಿಮಾಡಿದ ರೋಗ ಕಂಡರೆ ವೈದ್ಯರು ಮುಖ್ಯ ಇನ್‌ಸ್ಪೆಕ್ಟರಿಗೆ ಬರೆದು ತಿಳಿಸಲೇಬೇಕಿತ್ತು. ತಪ್ಪಿದರೆ 1,000 ರೂಪಾಯಿಯವರೆಗೆ ದಂಡ ಎಂದು 1948ರ ಕಾಯ್ದೆಯಲ್ಲಿತ್ತು.

ಫರ್ಸಿಯ ಪಾಲಿಶ್ ಯೂನಿಟ್‌ಗಳಲ್ಲಿ ಐದೋ ಆರೋ ಕೈಗಳು. ಕರೆಂಟಿನಿಂದ ನಡೆಯುವ ಕಡೆ 10 ಜನರಿದ್ದರೆ ಮೊದಲು ‘ಕಾರ್ಖಾನೆ’ ಎನಿಸುತ್ತಿತ್ತು, ಈಗ 20 ಬೇಕು. ಸುರಕ್ಷತಾ ಅಧಿಕಾರಿಗೆ ಬಾಗಿಲು ಅಗಲ ಮಾಡಿದ ಸಂಹಿತೆಯೇ ಇಲ್ಲಿ ಹೊಸ್ತಿಲು ಎತ್ತರಿಸಿದೆ.

ಇನ್ನೊಂದು ಮಾತು: ನಮ್ಮ ಭಾಗದವರಿಗಿರುವ ಸಂವಿಧಾನದ 371ಜೆ ವಿಧಿಯ ಮೀಸಲಾತಿ ಖಾಸಗಿ ಸಿಮೆಂಟ್ ಕಾರ್ಖಾನೆಗೆ ಅನ್ವಯಿಸದು. ಸರ್ಕಾರಿ ಹುದ್ದೆಗೆ ಉಂಟು.

ಇನ್ನು ಆ ಮೂರನೆಯ ಅರ್ಹತೆ. ಪುಸ್ತಕ ಇಂಗ್ಲಿಷು, ಪರ್ಮಿಟ್ ಇಂಗ್ಲಿಷು, ಪರೀಕ್ಷೆಯೂ ಇಂಗ್ಲಿಷು. ಗೇಟಿನೊಳಗೆ ಗುತ್ತೇದಾರರ ಕೈಕೆಳಗೆ ದುಡಿಯುವವರಲ್ಲಿ ಕನ್ನಡದವರು, ಉರ್ದುವಿನವರು, ತಾಂಡಾದ ಲಂಬಾಣಿ ಮಾತಿನವರು, ಗಡಿಯಾಚೆಯ ತೆಲುಗಿನವರು, ದೂರದ ಹಿಂದಿಯವರು, ಎಲ್ಲರೂ. ಬೆಳಗಿನ ಪಾಳಿಯ ಮುಂಚೆ ಐದು ನಿಮಿಷದ ‘ಟೂಲ್‌ಬಾಕ್ಸ್ ಟಾಕ್’ ನಡೆದು, “ಸಾಹೇಬ್ರು ಏನಂದ್ರೊ ತಿಳೀಲಿಲ್ರಿ, ಸಹಿ ಮಾಡಂದ್ರು, ಮಾಡೀನಿ” ಎಂದು ಒಬ್ಬ ಹೇಳಿದರೂ ಆ ದಿನದ ಪಾಠ ಆಗಿಲ್ಲವೆಂದೇ ಲೆಕ್ಕ. ಕವಿರಾಜಮಾರ್ಗ ಹುಟ್ಟಿದ ಆಸ್ಥಾನದ ಮಳಖೇಡವೇ ಇಲ್ಲಿ ಪಕ್ಕದಲ್ಲಿದೆ ಎಂಬುದನ್ನು ನೆನೆದರೆ ನಗು ಬರುತ್ತದೆ, ಅಷ್ಟೇ.

ಕುಡಿಯುವ ನೀರಿನ ವಿಷಯದಲ್ಲೂ ಹಳೆಯ ಕಾಯ್ದೆಗೆ ಇದೇ ಭಾಷೆಯ ಚಿಂತೆ ಇತ್ತು. ನೀರಿಟ್ಟ ಜಾಗದ ಮೇಲೆ ‘ಕುಡಿಯುವ ನೀರು’ ಎಂದು ಹೆಚ್ಚಿನ ಕೆಲಸಗಾರರಿಗೆ ತಿಳಿಯುವ ಭಾಷೆಯಲ್ಲಿ, ಓದಲು ಬರುವ ಹಾಗೆ ಬರೆದಿರಬೇಕು ಎಂದಿತ್ತು 18ನೇ ಕಲಂ. ಕಕ್ಕಸಿನಿಂದ 6 ಮೀಟರ್ ದೂರವನ್ನೂ ಅದೇ ಕಲಂ ಹೇಳಿತ್ತು.