ಹಳೆ ಮ್ಯಾಚ್ ರೈಫಲ್ ಕೈಗೆ ಸಿಕ್ಕಿದೆ, ಇಟ್ಕೊಳ್ಳೋದಾ, ಮಾರೋದಾ?

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ಇವತ್ತು ಶೂಟಿಂಗ್ ರೇಂಜ್ ಕಡೆ ಹೋಗೋಣ.

ಕೇಳುಗರೊಬ್ಬರು ವಾಯ್ಸ್ ಮೆಸೇಜ್ ಕಳಿಸಿದ್ದಾರೆ. ಅವರ ಸೋದರಮಾವ ಹಿಂದೆ ಶೂಟಿಂಗ್ ಮಾಡ್ತಿದ್ದರಂತೆ. ಆ ಹಳೆ ಏರ್ ರೈಫಲ್ ಈಗ ಇವರ ಕೈಗೆ ಬಂದಿದೆ. ಮೇಲೆ ‘ಫೈನ್‌ವೆರ್ಕ್‌ಬಾವ್ 300ಎಸ್’ ಅಂತ ಕೆತ್ತಿದೆ. ಅಪ್ಪ ಸಾಲ ಮಾಡಿ ಹೊಸದು ಕೊಡಿಸ್ತೀನಿ ಅಂತಿದ್ದಾರಂತೆ. ಸಾಲಕ್ಕೆ ಮುಂಚೆ ಇದನ್ನೊಮ್ಮೆ ಕೇಳಿ.

ಮೊದಲು ಗುರುತು ಹಿಡಿಯಿರಿ

ಹತ್ತು ಮೀಟರ್ ರೈಫಲ್‌ಗಳಲ್ಲಿ ಮುಖ್ಯವಾದ ಪ್ರಶ್ನೆ ಒಂದೇ: ಪೆಲೆಟ್ ತಳ್ಳುವ ಒತ್ತಡ ಎಲ್ಲಿಂದ ಬರ್ತದೆ? ಹಳೆಯವುಗಳಲ್ಲಿ ಸ್ಪ್ರಿಂಗ್. ಆಮೇಲೆ ಬಂದದ್ದು ಲಿವರ್ ಒಮ್ಮೆ ಎಳೆದರೆ ಗಾಳಿ ತುಂಬುವ ಬಗೆ. ವಾಲ್ಥರ್ ಎಲ್‌ಜಿಆರ್, ಫೈನ್‌ವೆರ್ಕ್‌ಬಾವ್ 600 ಈ ಜಾತಿಯವು. ಇನ್ನು ಕೆಲವು ಇಂಗಾಲದ ಡೈಆಕ್ಸೈಡ್ ಸಿಲಿಂಡರಿನವು. ಈಗಿನವು ಹೆಚ್ಚಾಗಿ ಒತ್ತಿದ ಗಾಳಿಯ ಸಿಲಿಂಡರಿನವು.

300ಎಸ್ ಸ್ಪ್ರಿಂಗ್ ಜಾತಿ. ಪಕ್ಕದ ಲಿವರ್ ಎಳೆದು ಸಜ್ಜು ಮಾಡ್ಬೇಕು. ಸ್ಪ್ರಿಂಗ್ ರೈಫಲ್ ಅಂದ್ರೆ ಒದೆತ ಇದ್ದೇ ಇರ್ತದೆ ಅಲ್ವಾ? ಇಲ್ಲಿ ಜರ್ಮನ್ನರು ಒಂದು ಉಪಾಯ ಮಾಡಿದ್ರು. ಗುಂಡು ಹಾರುವಾಗ ಬ್ಯಾರಲ್ಲೂ ಯಂತ್ರಭಾಗವೂ ಮರದ ಹಿಡಿಯೊಳಗೆ ಹಳಿ ಮೇಲೆ ಕೊಂಚ ಹಿಂದಕ್ಕೆ ಜಾರ್ತವೆ. ಹಾಗಾಗಿ ಒದೆತ ಭುಜಕ್ಕೆ ಗೊತ್ತೇ ಆಗಲ್ಲ.

ಹಳತಾಗೋದು ಯಾವುದು?

ಬ್ಯಾರಲ್ ಅಲ್ಲ. ಮೆತ್ತನೆ ಸೀಸದ ಪೆಲೆಟ್ ಕಡಿಮೆ ವೇಗದಲ್ಲಿ ಹೋಗೋದ್ರಿಂದ ಅದು ಬೇಗ ಸವೆಯಲ್ಲ. ಕೆಡೋದು ಸೀಲ್, ಬಫರ್, ಸ್ಪ್ರಿಂಗ್. ರೇಂಜ್‌ನಲ್ಲಿ, ಕೋಚ್ ಎದುರು, ಬ್ಯಾರಲ್ ಹಿಂಬದಿ ಕೂಡುವ ಜಾಗದ ಮೇಲೆ ತೆಳು ಟಿಶ್ಯೂ ಚೂರು ಇಟ್ಟು ಪೆಲೆಟ್ ಹಾರಿಸಿ ನೋಡಿ. ಚೂರು ಹಾರಿಬಿದ್ರೆ ಗಾಳಿ ಸೋರ್ತಿದೆ ಅಂತ ಅರ್ಥ.

ಮೂರು ಎಚ್ಚರಿಕೆ. ಪೆಲೆಟ್ ಇಲ್ಲದೆ ಸ್ಪ್ರಿಂಗ್ ರೈಫಲ್ ಹಾರಿಸಬೇಡಿ. ಪೆಲೆಟ್ ತುಂಬುವಾಗ ಇನ್ನೊಂದು ಕೈ ಲಿವರ್ ಮೇಲೇ ಇರಲಿ. ಮನೇಲಿರೋ ಮೆಷಿನ್ ಎಣ್ಣೆ ಒಳಗೆ ಸುರೀಬೇಡಿ. ಒತ್ತಡಕ್ಕೆ ಅದು ಹೊತ್ತಿಕೊಂಡು ಸೀಲ್ ಸುಡ್ತದೆ. ಬಿಚ್ಚೋದು ಅನುಭವಿ ಮೆಕ್ಯಾನಿಕ್ ಕೆಲಸ.

ಖರ್ಚು ಎಲ್ಲಿ ಮಾಡ್ಬೇಕು?

‘ಪವರ್ ಜಾಸ್ತಿ ಮಾಡಿಸೋಣ’ ಅನ್ನೋ ಆಸೆ ಬಿಡಿ. ಟಾರ್ಗೆಟ್‌ನಲ್ಲಿ ಹತ್ತು ಅಂಕದ ಚುಕ್ಕಿ ಬರೀ 0.5 ಮಿಲಿಮೀಟರ್, ಪೆಲೆಟ್ 4.5 ಮಿಲಿಮೀಟರ್. ಇಲ್ಲಿ ಬೇಕಿರೋದು ಒಂದೇ ಜಾಗಕ್ಕೆ ಮತ್ತೆ ಮತ್ತೆ ಬೀಳೋದು.

ಮೊದಲು ಸೀಲ್. ಆಮೇಲೆ ಪೆಲೆಟ್: ಅವುಗಳ ತಲೆ 4.49, 4.50, 4.51 ಹೀಗೆ ಬೇರೆ ಬೇರೆ ಅಳತೆಯಲ್ಲಿ ಸಿಗ್ತವೆ. ರೈಫಲ್ ಅನ್ನು ಮೇಜಿನ ಮೇಲೆ ಊರಿಟ್ಟು ಒಂದೊಂದರಲ್ಲೂ ಐದೈದು ಹೊಡೆದು, ಯಾವುದರ ತೂತುಗಳು ಒತ್ತಾಗಿ ಬೀಳ್ತವೆ ನೋಡಿ. ಮೂರನೆಯದು ಹಿಂದಿನ ಡಯಾಪ್ಟರ್ ಸೈಟ್. ಹಳೆ ರೈಫಲ್‌ಗಳಲ್ಲಿ ಇದೇ ಹೆಚ್ಚಾಗಿ ಕಳೆದುಹೋಗಿರ್ತದೆ. ಹಳಿ 11 ಮಿಲಿಮೀಟರಿನದಾದ್ದರಿಂದ ಈಗಿನ ಡಯಾಪ್ಟರ್ ಕೂರ್ತದೆ. ಮುಂದಿನ ಸೈಟಿನ ಎತ್ತರಕ್ಕೆ ಹೊಂದಬೇಕು, ಅಷ್ಟೆ. ಕೊನೆಗೆ ನಿಮ್ಮ ಭುಜಕ್ಕೆ, ಕೆನ್ನೆಗೆ ಹೊಂದಿಸಿಕೊಳ್ಳುವ ಬಟ್ ಪ್ಲೇಟ್, ಚೀಕ್ ಪೀಸ್. ಒಟ್ಟು ತೂಕ 5.5 ಕಿಲೋ ದಾಟಬಾರದು, ಅದು ಸ್ಪರ್ಧೆಯ ನಿಯಮ.

ಸಿಲಿಂಡರ್ ಇದ್ದರೆ ತಾರೀಖು ನೋಡಿ

ನಿಮಗೆ ಸಿಕ್ಕಿರೋದು ಗಾಳಿ ಸಿಲಿಂಡರಿನ ರೈಫಲ್ ಆದರೆ, ಬೇರೆ ಏನೂ ನೋಡೋ ಮುಂಚೆ ಸಿಲಿಂಡರ್ ಮೇಲಿನ ತಾರೀಖು ಓದಿ. ಅಂತರರಾಷ್ಟ್ರೀಯ ನಿಯಮದಂತೆ ಗರಿಷ್ಠ ಹತ್ತು ವರ್ಷ. ಅವಧಿ ಮುಗಿದಿದ್ರೆ ಗಾಳಿ ತುಂಬಿಸ್ಲೇಬೇಡಿ. ಅಷ್ಟು ಒತ್ತಡದ ಲೋಹ ನಿಮ್ಮ ಮುಖದ ಹತ್ತಿರವೇ ಇರ್ತದೆ. ರೈಫಲ್ ಅಗ್ಗವಾಗಿ ಸಿಕ್ತು ಅಂತ ಹಿಗ್ಗಬೇಡಿ, ಹೊಸ ಸಿಲಿಂಡರ್ ಬೆಲೆಯನ್ನೂ ಲೆಕ್ಕಕ್ಕೆ ಸೇರಿಸಿ.

ಹಾಗಾದ್ರೆ ಉತ್ತರ? ಸಾಲ ಈಗಲೇ ಬೇಡ. ಸೀಲ್ ಸರಿಯಿದ್ದು, ಒಂದು ಒಳ್ಳೆ ಡಯಾಪ್ಟರ್ ಇದ್ದರೆ ನಿಂತು ಹೊಡೆಯೋದು, ಉಸಿರು ಹಿಡಿಯೋದು, ಟ್ರಿಗರ್ ಒತ್ತೋದು ಎಲ್ಲವನ್ನೂ ಮಾವನ ರೈಫಲ್ಲೇ ಕಲಿಸ್ತದೆ. ಮೇಜಿನ ಮೇಲಿಟ್ಟಾಗ ಅದು ಹೊಡೆಯುವಷ್ಟು ಚೆನ್ನಾಗಿ ಕೈಯಲ್ಲಿ ಹಿಡಿದೂ ನೀವು ಹೊಡೆಯೋ ದಿನ ಬಂದಾಗ, ಅಪ್ಪನ ಹತ್ತಿರ ಹೊಸದರ ಮಾತು ಎತ್ತಿ.

ಮುಂದಿನ ಸಂಚಿಕೆಯಲ್ಲಿ ಸಿಗೋಣ.